ನಡುಹೊಳೆಯ ಮಾತು

ಹೊರಗಿನವರು ನಮ್ಮೂರಿಗೆ ಬಂದರೆ ಕೇಳುವುದು ಒಂದೇ ಪ್ರಶ್ನೆ: ಇಷ್ಟು ಮೊಸಳೆಗಳ ನಡುವೆ ಈಜುತ್ತೀರಲ್ಲ, ಹೆದರಿಕೆ ಆಗುವುದಿಲ್ಲವೇ? ಆಗುತ್ತದೆ, ಯಾಕೆ ಆಗುವುದಿಲ್ಲ? ಬಾಯಿ ತೆರೆದುಕೊಂಡು ಮರಳ ಮೇಲೆ ಬಿದ್ದಿರುವ ಆ ಪ್ರಾಣಿಯನ್ನು ನೋಡಿದರೆ ಹುಟ್ಟಿದಾಗಿನಿಂದ ನೋಡುತ್ತಾ ಬಂದ ನನಗೂ ಎದೆ ಝಲ್ಲೆನ್ನುತ್ತದೆ. ಆದರೆ ನನ್ನನ್ನು ಹೈರಾಣು ಮಾಡಿದ್ದು ಮೊಸಳೆಗಳ ತೆರೆದ ಬಾಯಲ್ಲ. ನನ್ನ ಅಳಿಯನ ಮುಚ್ಚಿದ ಬಾಯಿ.

ನಮ್ಮೂರು ಹೊಳೆಯ ಎರಡೂ ದಡಕ್ಕೆ ಹರಡಿಕೊಂಡಿದೆ. ಈಚೆ ದಡದಲ್ಲಿ ಮನೆಗಳು, ಹೊರಗಿನಿಂದ ಬರುವ ರಸ್ತೆ. ಆಚೆ ದಡದಲ್ಲಿ ಸಂತೆ, ಶಾಲೆ, ಆಸ್ಪತ್ರೆ, ಗದ್ದೆ. ನಡುವೆ ಸೇತುವೆ ಇಲ್ಲ. ದೋಣಿ ಇಳಿಸಿದರೆ ಮೊಸಳೆಗಳು ಅದನ್ನು ಮಗುಚಿ ಹಾಕದೆ ಬಿಡುವುದಿಲ್ಲ. ಹಾಗಾಗಿ ಎಲ್ಲರೂ ಈಜುತ್ತೇವೆ. ಒಣಬಟ್ಟೆಯ ಗಂಟು ತಲೆಯ ಮೇಲೆ, ಸಾಮಾನಿದ್ದರೆ ಹಿತ್ತಾಳೆಯ ಕೊಪ್ಪರಿಗೆಯಲ್ಲಿಟ್ಟು ಮುಂದೆ ತಳ್ಳಿಕೊಂಡು ಹೋಗುವುದು. ಮೊಸಳೆಗಳು ಅಕ್ಕಪಕ್ಕದಲ್ಲಿ ತಮ್ಮ ಪಾಡಿಗೆ ತಾವು ಈಜುತ್ತಿರುತ್ತವೆ. ನಿಯಮ ಒಂದೇ. ನೀರಿಗಿಳಿದವರು ದಡ ಮುಟ್ಟುವವರೆಗೆ ಮಾತು ನಿಲ್ಲಿಸಬಾರದು.

ಮಾತು ಎಂದರೆ ಮಾತೇ ಆಗಬೇಕು. ಹಾಡು ನಡೆಯುವುದಿಲ್ಲ, ದೇವರನಾಮ ನಡೆಯುವುದಿಲ್ಲ. ಒಮ್ಮೆ ಶಾಲೆಯ ಮೇಷ್ಟ್ರೊಬ್ಬರು ಮಗ್ಗಿ ಹೇಳಿಕೊಂಡು ಈಜಲು ಹೋಗಿ, ಹದಿಮೂರರ ಮಗ್ಗಿ ಮುಗಿಯುವುದರೊಳಗೆ ಪಂಚೆ ಕಳೆದುಕೊಂಡು ವಾಪಸು ಬಂದರು. ಬಾಯಿಪಾಠವಾದರೆ ಮೊಸಳೆಗಳಿಗೆ ತಿಳಿಯುತ್ತದೆ. ಮನಸ್ಸಿಲ್ಲದ ಮಾತೂ ತಿಳಿಯುತ್ತದೆ. ಬಟ್ಟೆ ವ್ಯಾಪಾರಿಯೊಬ್ಬ ಜೊತೆಗೆ ಈಜುತ್ತಿದ್ದ ಹೆಂಗಸರನ್ನೆಲ್ಲ ನೀವು ಲಕ್ಷ್ಮಿ, ನೀವು ಸರಸ್ವತಿ ಎಂದು ಹೊಗಳುತ್ತಾ ಹೊರಟು ಕಾಲಿನ ಹೆಬ್ಬೆರಳು ಬಿಟ್ಟು ಹೋದ. ಒಳಗಿರುವುದು ಹೊರಗೆ ಬರುತ್ತಿದ್ದರೆ ಮಾತ್ರ ಅವು ತಂಟೆಗೆ ಬರುವುದಿಲ್ಲ. ಅದಕ್ಕೇ ನಮ್ಮೂರಿನವರು ಸುದ್ದಿ ಸಿಕ್ಕರೆ ದಡದ ಮೇಲೆ ಖರ್ಚು ಮಾಡುವುದಿಲ್ಲ, ಹೊಳೆಗೆಂದು ಎತ್ತಿಡುತ್ತಾರೆ. ಜೊತೆಗೆ ಯಾರೂ ಸಿಗದೆ ಒಬ್ಬಳೇ ದಾಟಬೇಕಾದಾಗ ಯಾರ ಮೇಲಾದರೂ ಸಿಟ್ಟಿದ್ದರೆ ಸಾಕು, ನನಗಂತೂ ದಡ ಬಂದದ್ದೇ ಗೊತ್ತಾಗುವುದಿಲ್ಲ.

ಇಂಥ ಊರಿಗೆ, ನನ್ನ ಒಬ್ಬಳೇ ಮಗಳು ನೀಲು, ಮಾತೇ ಆಡದ ಗಂಡನನ್ನು ಹುಡುಕಿ ತಂದಳು.

ಅವನ ಹೆಸರು ಸಂಗನಬಸು. ಹೊಳೆಯನ್ನೇ ಕಾಣದ ಬಯಲು ಸೀಮೆಯವನು. ರಸ್ತೆಯ ತುದಿಯಲ್ಲಿ ಹಿಟ್ಟಿನ ಗಿರಣಿ ಹಾಕಲು ಬಂದ. ನೀಲು ರಾಗಿ ಬೀಸಿಸಲು ಹೋದಳು, ಮತ್ತೆ ಹೋದಳು, ರಾಗಿ ಮುಗಿದ ಮೇಲೂ ಹೋದಳು. ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಎಲ್ಲ ಕೈಸನ್ನೆಯಲ್ಲೇ. ಮದುವೆಯಾಗುವುದಾಗಿಯೂ ಕೈಸನ್ನೆಯಲ್ಲೇ ಮಾತುಕೊಟ್ಟನೋ ಏನೋ, ನಾನು ಇವತ್ತಿಗೂ ಕೇಳಿಲ್ಲ. ತಂದೆ ಮೊದಲೇ ಇರಲಿಲ್ಲ, ತಾಯಿ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಹಿಂದೆ ಮುಂದೆ ಯಾರೂ ಇಲ್ಲದವನು ಎಂದು ನಮ್ಮ ಮನೆಯಲ್ಲೇ ಇರಿಸಿಕೊಂಡೆವು.

ಕೆಟ್ಟವನಲ್ಲ, ಆ ಮಾತು ಹೇಳಬಾರದು. ದುಡಿಯುತ್ತಾನೆ, ಕುಡಿಯುವುದಿಲ್ಲ, ಉಂಡ ತಟ್ಟೆ ತಾನೇ ತೊಳೆದಿಡುತ್ತಾನೆ. ಈಜು ಬರುವುದಿಲ್ಲ ಎಂದೂ ಅಲ್ಲ. ಅವನ ಊರಿನ ಬಾವಿಗಳಲ್ಲಿ ಮೇಲಿನಿಂದ ಹಾರಿ ಹಾರಿ ಕಲಿತ ಈಜು, ನಮ್ಮ ಗಂಡಸರಿಗಿಂತ ಚೆನ್ನಾಗಿ ಕೈ ಬೀಸುತ್ತಾನೆ. ಆದರೆ ಮಾತು? "ಹೌದ್ರಿ", "ಆತ್ರಿ", "ಇಲ್ರಿ". ಇಷ್ಟೇ. ಊಟ ಹೇಗಿದೆ ಎಂದರೆ "ಹೌದ್ರಿ". ಮಳೆ ಬರುತ್ತದಾ ಎಂದರೆ "ಹೌದ್ರಿ". ಅಲ್ಲಾ, ಇನ್ನೇನೂ ತೋಚುವುದೇ ಇಲ್ಲವೇ ಮನುಷ್ಯನಿಗೆ? ನಮ್ಮ ಯಜಮಾನರು ಒಂದು ಎಮ್ಮೆಯ ವಿಷಯ ತೆಗೆದರೆ ಹೊಳೆ ದಾಟಿ, ಸಂತೆ ಮುಗಿಸಿ, ಮತ್ತೆ ಹೊಳೆ ದಾಟಿ ಮನೆಗೆ ಬಂದು ಕಾಲು ತೊಳೆಯುವವರೆಗೂ ಅದೇ ಎಮ್ಮೆ. ಅವರ ಎದುರಿಗೆ ಇವನು ಕೂತರೆ ಮುಚ್ಚಿದ ಮಳಿಗೆಗೆ ಬೀಗ ತೂಗುಹಾಕಿದ ಹಾಗೆ ಕಾಣುತ್ತಿತ್ತು. ಗಿರಣಿ ಈಚೆ ದಡದಲ್ಲೇ ಇದ್ದುದರಿಂದ ಅವನಿಗೆ ದಾಟುವ ಕೆಲಸ ಬೀಳಲಿಲ್ಲ. ಮಗು ಹುಟ್ಟುವವರೆಗೆ ನಾನೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಹೆಣ್ಣುಮಗು ಹುಟ್ಟಿತು. ನಮ್ಮಲ್ಲಿ ಮಗುವಿಗೆ ಕತ್ತು ನಿಂತ ಮೇಲೆ ತಂದೆಯಾದವನು ಅದನ್ನು ಕೊಪ್ಪರಿಗೆಯಲ್ಲಿ ಮಲಗಿಸಿ ಆಚೆ ದಡಕ್ಕೆ ಈಜಿಸಿಕೊಂಡು ಹೋಗಬೇಕು. ತಾಯಿಯ ದನಿ ಬಸುರಿನಲ್ಲೇ ಹೊಳೆಗೆ ಗೊತ್ತಾಗಿರುತ್ತದೆ, ತಂದೆಯದು ಆಗ ಗೊತ್ತಾಗಬೇಕು. ಆ ಹೊತ್ತಿಗೆ ನೀರಿನಲ್ಲಿ ಬೇರೆ ಯಾರೂ ಇರುವಂತಿಲ್ಲ. ಮಗುವಿಗೆ ಮಾತು ಬರುವುದಿಲ್ಲವಲ್ಲ, ಇಬ್ಬರ ಮಾತನ್ನೂ ಅವನೇ ಆಡಬೇಕು. ಹೀಗೆ ದಾಟದ ಮಗು ದೊಡ್ಡದಾದ ಮೇಲೂ ಹೊಳೆಗೆ ಕಾಲಿಡುವಂತಿಲ್ಲ. ಹೊಳೆಗೆ ಕಾಲಿಡದ ಮಗು ನಮ್ಮೂರಲ್ಲಿ ಶಾಲೆಗೆ ಹೋಗುವುದು ಹೇಗೆ, ಜ್ವರ ಬಂದರೆ ಆಸ್ಪತ್ರೆಗೆ ಹೋಗುವುದು ಹೇಗೆ? ಅಂಥ ಒಂದೆರಡು ಸಂಸಾರಗಳು ಹಿಂದೆ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟಿವೆ.

"ಆಗ್ಲಿಲ್ಲ ಅಂದ್ರೆ ಅವರ ಊರಿಗೇ ಹೋಗ್ತೀವಮ್ಮ" ಎಂದಳು ನೀಲು, ಹುಣಸೆಹಣ್ಣು ಬಿಡಿಸುತ್ತಾ, ಪಕ್ಕದ ಬೀದಿಗೆ ಹೋಗಿ ಬರುತ್ತೇನೆ ಎನ್ನುವವಳ ಹಾಗೆ. "ಅಲ್ಲೂ ಗಿರಣಿ ಹಾಕ್ಬಹುದಂತೆ."

"ಅವರೇ ಹೇಳಿದ್ರಾ?"

"ಹೇಳ್ಲಿಲ್ಲ. ನಾ ಕೇಳ್ದೆ. ಹೌದ್ರಿ ಅಂದ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ಇರುವವಳು ಒಬ್ಬ ಮಗಳು. ಆ ಮೊಮ್ಮಗಳ ಮುಷ್ಟಿಯಲ್ಲಿ ಆಗಲೇ ನನ್ನ ಸೆರಗಿನ ಚುಂಗು ಸಿಕ್ಕಿಕೊಂಡಿತ್ತು. ಅವಳನ್ನು ಬಿಟ್ಟು ಈ ಮನೆಯಲ್ಲಿ ನಾನು ಎಮ್ಮೆಯ ಕಥೆ ಕೇಳಿಕೊಂಡು ಕೂರಬೇಕೇ? ಆವತ್ತೇ ತೀರ್ಮಾನ ಮಾಡಿದೆ, ಈ ಮನುಷ್ಯನಿಗೆ ಮಾತು ಕಲಿಸಿಯೇ ಸೈ.

ಬಚ್ಚಲಿನಲ್ಲಿ ಕೂರಿಸಿ ಶುರುಮಾಡಿದೆ. ಅವನು ಪಂಚೆ ಉಟ್ಟು ಸ್ನಾನದ ಕಲ್ಲಿನ ಮೇಲೆ ಕೂರಬೇಕು, ನಾನು ತಂಬಿಗೆಯಲ್ಲಿ ತಲೆಯ ಮೇಲೆ ನೀರು ಸುರಿಯುತ್ತಿರಬೇಕು, ನೀರು ನಿಲ್ಲುವವರೆಗೆ ಅವನು ಮಾತಾಡುತ್ತಿರಬೇಕು. ಅಳಿಯನಿಗೆ ಎಣ್ಣೆನೀರು ಹಾಕುವ ಅತ್ತೆಯರಿದ್ದಾರೆ, ಹೀಗೆ ಮಾತಿಗಾಗಿ ನೀರು ಹಾಕಿದವಳು ನಾನೊಬ್ಬಳೇ ಇರಬೇಕು.

"ಹೂಂ, ಮಾತಾಡಿ ಅಳಿಯಂದಿರೇ."

"ಏನ್ ಮಾತಾಡೂದ್ರಿ, ಅತ್ತಿ?"

"ಏನಾದ್ರೂ! ನಿಮ್ಮೂರಿನ ವಿಷಯ ಹೇಳಿ."

ಅವನು ಯೋಚಿಸಿದ. ಹಂಡೆಯ ಅರ್ಧ ನೀರು ಖಾಲಿಯಾಯಿತು. "ಅಲ್ಲಿ ನೀರಿಲ್ರಿ" ಎಂದ.

"ಆಮೇಲೆ?"

"ಅಷ್ಟ ರಿ."

ತಂಬಿಗೆಯನ್ನು ಅವನ ತಲೆಯ ಮೇಲೇ ಬಡಿಯಬೇಕೆನ್ನಿಸಿತು. ಅಳಿಯ ಎನ್ನುವ ಗೌರವಕ್ಕೆ ತಡೆದುಕೊಂಡೆ. ಎಷ್ಟೋ ದಿನ ಹೀಗೇ ನಡೆಯಿತು. ಅವನಿಗೆ ನೆಗಡಿಯಾಯಿತೇ ಹೊರತು ಮಾತು ಬರಲಿಲ್ಲ.

ನಮ್ಮೂರಲ್ಲಿ ಎಲ್ಲರ ಹೆರಿಗೆಯನ್ನೂ ಮಾಡಿಸಿ, ಮಕ್ಕಳನ್ನು ಮೊದಲ ದಾಟಿಗೆ ಕೊಪ್ಪರಿಗೆಯಲ್ಲಿ ಮಲಗಿಸಿ ಕಳಿಸುವವರು ಸೂಲಗಿತ್ತಿ ಚಿಕ್ಕತಾಯಮ್ಮ. ಅವರ ಹತ್ತಿರ ಹೋಗಿ ಗೋಳು ಹೇಳಿಕೊಂಡೆ. ಎಲೆಯಡಿಕೆ ಅಗಿಯುತ್ತಾ ಕೇಳಿದ ಚಿಕ್ಕತಾಯಮ್ಮ, "ನೀನು ಒಂದ್ ಗಳಿಗೆ ಬಾಯಿ ಮುಚ್ಚಿ ನೋಡೇ ಸಾಕಮ್ಮ. ಅವನಿಗೆ ಜಾಗ ಸಿಕ್ಕಿದ್ರೆ ತಾನೇ ಮಾತಾಡೋಕೆ?" ಎಂದರು. ಸಲಹೆ ಕೇಳಲು ಹೋದವಳಿಗೇ ಬುದ್ಧಿಮಾತು! ದಾರಿಯುದ್ದಕ್ಕೂ ಅವರನ್ನು ಬೈದುಕೊಂಡು ಮನೆಗೆ ಬಂದೆ.

ಬಂದವಳೇ ನಾನು ಮಾಡಬಾರದ ಕೆಲಸ ಮಾಡಿದೆ. ಬಾಯಿಪಾಠ ನಡೆಯುವುದಿಲ್ಲ ಎಂದು ನನಗೇನು ಗೊತ್ತಿರಲಿಲ್ಲವೇ? ಆದರೆ ಮೇಷ್ಟ್ರು ಹೇಳಿದ್ದು ಮಗ್ಗಿ. ನಾನು ಕಟ್ಟಿಕೊಟ್ಟಿದ್ದು ಅಪ್ಪಟ ಹೊಳೆಮಾತು, ನಾವು ದಿನಾ ಆಡುವಂಥದ್ದೇ. "ನೋಡು ಪುಟ್ಟೀ, ಈ ಸಲ ಮಾವು ಹೂವು ಬಿಟ್ಟಿದ್ದೇನೋ ಹೌದು, ಗಾಳಿಗೆಲ್ಲ ಉದುರಿಹೋಯ್ತು, ಅದೋ ಅಲ್ಲಿ ಕಾಣ್ತಿದೆಯಲ್ಲ ಅದೇ ಸಂತೆ, ಅಲ್ಲಿ ಬಳೆ ಅಂಗಡಿಯೋಳು ಚೌಕಾಸಿಗೆ ಬಗ್ಗೋಳಲ್ಲ..." ಹೀಗೆ ದಡದಿಂದ ದಡಕ್ಕೆ ಸಾಕಾಗುವಷ್ಟು. ನಡುನಡುವೆ ಕೆಮ್ಮು, "ಅಯ್ಯೋ ಮರೆತೆ", "ಏನಂದೆ?" ಎಲ್ಲ ಸೇರಿಸಿದ್ದೆ. ಇಷ್ಟು ಸಹಜವಾಗಿದ್ದರೆ ಮೊಸಳೆಯ ಅಪ್ಪನಿಗೂ ತಿಳಿಯುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಸಂಗನಬಸು ಒಂದು ಮಾತೂ ಎದುರಾಡದೆ ಅದನ್ನೆಲ್ಲ ಕಲಿತ. ಗಿರಣಿಯಲ್ಲಿ ಹಿಟ್ಟು ಹಿಡಿಯುತ್ತಾ ತುಟಿ ಅಲ್ಲಾಡಿಸುತ್ತಿದ್ದುದನ್ನು ನೋಡಿ ನನಗೆ ಸಮಾಧಾನವಾಯಿತು.

ದಾಟುವ ದಿನ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಎರಡೂ ದಡಗಳಲ್ಲಿ ಜನ. ನೀಲು, ಯಜಮಾನರು ಆಚೆ ದಡದಲ್ಲಿ ಕಾಯುತ್ತಿದ್ದರು. ಚಿಕ್ಕತಾಯಮ್ಮ ಮಗುವಿಗೆ ದೃಷ್ಟಿಬೊಟ್ಟು ಇಟ್ಟು, ಕೊಪ್ಪರಿಗೆಯಲ್ಲಿ ಹತ್ತಿಯ ಹಾಸಿಗೆಯ ಮೇಲೆ ಮಲಗಿಸಿದರು. ಮೊಸಳೆಗಳು ನಡುಹೊಳೆಯಲ್ಲಿ ಮರದ ದಿಮ್ಮಿಗಳ ಹಾಗೆ ತೇಲುತ್ತಿದ್ದವು, ಬಾಲ ಮೊಂಡಾದ, ಊರಿಗೆಲ್ಲ ಗುರುತಿರುವ ದೊಡ್ಡ ಮೊಸಳೆಯೂ ಇತ್ತು. ಸಂಗನಬಸು ನನ್ನ ಮುಖ ನೋಡಿದ. "ಬರ್ತೀನ್ರಿ" ಎಂದು ನೀರಿಗಿಳಿದ.

ಶುರು ಚೆನ್ನಾಗಿಯೇ ಇತ್ತು. "ನೋಡು ಪುಟ್ಟೀ, ಈ ಸಲ ಮಾವು ಹೂವು ಬಿಟ್ಟಿದ್ದೇನೋ ಹೌದು..." ನನ್ನ ಮಾತು, ನನ್ನ ರಾಗ. ಜನ ನನ್ನ ಕಡೆ ತಿರುಗಿ ನೋಡಿದರು. ನಾನು ಮೋಡ ನೋಡಿದೆ. ಬಳೆ ಅಂಗಡಿಯವಳ ಹೊತ್ತಿಗೆ ಮೊಂಡುಬಾಲದ್ದು ಮೆಲ್ಲಗೆ ತಿರುಗಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮತ್ತೊಂದು. ಸಂಗನಬಸುವಿಗೂ ಕಾಣಿಸಿರಬೇಕು, "ಅಯ್ಯೋ ಮರೆತೆ" ಎಂದ. ಅದು ನಾನು ಸೇರಿಸಿದ್ದ ಅಯ್ಯೋ ಮರೆತೆಯೋ, ನಿಜವಾಗಿಯೂ ಮರೆತದ್ದೋ ತಿಳಿಯುವುದರೊಳಗೆ ಅವನ ಬಾಯಿ ನಿಂತುಹೋಯಿತು.

ಹೊಳೆಯ ಮೇಲೆ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಆಚೆ ದಡದಲ್ಲಿ ನೀಲು ನೀರಿಗೆ ಹಾರಲು ಹೊರಟಳು, ಯಜಮಾನರು ಸೊಂಟ ಹಿಡಿದು ಎಳೆದರು. ಕೊಪ್ಪರಿಗೆ ತಿರುಗುತ್ತಿತ್ತು. ಮೊಂಡುಬಾಲದ ಮೂತಿಗೂ ಅದಕ್ಕೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗವಿರಲಿಲ್ಲ. ದಡದಿಂದ ನಾವು ಎಷ್ಟು ಕೂಗಿದರೂ ಲೆಕ್ಕಕ್ಕಿಲ್ಲ, ನೀರಿನಲ್ಲಿರುವವನೇ ಆಡಬೇಕು. ಅವನು ಬಾಯಿ ತೆರೆದ, ಮುಚ್ಚಿದ. ಇಷ್ಟು ದಿನದಿಂದ ನಾನು ತಡೆದಿಟ್ಟದ್ದೆಲ್ಲ ಒಮ್ಮೆಲೇ ಗಂಟಲಿಗೆ ಬಂತು.

"ಏನೋ, ಮೂಗಬಸವಾ! ಇಷ್ಟು ವಯಸ್ಸಾದ್ರೂ ನಾಲ್ಕು ಮಾತಾಡೋಕೆ ಬರಲ್ವೇನೋ ನಿನಗೆ? ನಿಮ್ಮಮ್ಮ ಮಾತು ಕಲಿಸ್ಲಿಲ್ವೇನೋ?"

ಯೋಚಿಸಿ ಅಂದದ್ದಲ್ಲ. ಅಳಿಯನನ್ನು ಹಾಗೆ ಏಕವಚನದಲ್ಲಿ, ಅದೂ ಸತ್ತ ತಾಯಿಯನ್ನು ಎಳೆತಂದು, ಎರಡು ದಡದ ಜನರೆದುರು. ಸಂಗನಬಸುವಿನ ತಲೆ ಗಕ್ಕನೆ ಈಚೆ ತಿರುಗಿತು.

"ನಮ್ಮವ್ವನ ಸುದ್ದಿಗೆ ಬರಬ್ಯಾಡ್ರಿ, ಅತ್ತಿ!"

ಆ ದನಿ ಅವನದೆಂದು ನಂಬಲಾಗಲಿಲ್ಲ. ಗಿರಣಿಯ ಸದ್ದನ್ನು ಮೀರುವ ದನಿ ಎಲ್ಲಿ ಬಚ್ಚಿಟ್ಟಿದ್ದನೋ. "ಏನರ ಅನ್ನೂದಿದ್ರ ನನಗ ಅನ್ರಿ! ಬಂದ ದಿನದಿಂದ ನೋಡಾಕತ್ತೀನಿ. ಉಣ್ಣಾಕ ಕುಂತ್ರ ತಾಟಿನ್ಯಾಗ ಅನ್ನ ಬೀಳೂಕಿಂತ ಮದ್ಲ ನಿಮ್ಮ ಮಾತು ಬೀಳ್ತಾವು! ನಾ ಬಾಯಿ ಬಿಡೂದ್ರಾಗ ನನ್ನ ಉತ್ತರಾನೂ ನೀವ ಹೇಳಿರ್ತೀರಿ!"

ಮೊಂಡುಬಾಲದ್ದು ನಿಂತಿತು. ಮೂತಿಯನ್ನು ನೀರಿಗೆ ಇಳಿಸಿ ಪಕ್ಕಕ್ಕೆ ಸರಿಯಿತು. ನನಗೆ ಅಷ್ಟು ಸಾಕಾಗಿತ್ತು.

"ಮತ್ತೆ ನೀನು ಬಾಯಿ ಬಿಡೋವರೆಗೂ ಅನ್ನ ತಣ್ಣಗಾಗ್ಲಾ?" ಎಂದು ಕೂಗಿದೆ. "ಕೈ ಬೀಸೋ, ಕೈ ಬೀಸ್ತಾ ಹೇಳೋ! ಅನ್ನಕ್ಕೇನಾಗಿದೆ ನನ್ನ ಮನೇಲಿ?"

"ಅನ್ನಕ್ಕೇನಾಗಿಲ್ಲ, ಸಾರಿಗೆ ಆಗೇತಿ! ಸಾರಿಗೆ ಬೆಲ್ಲ ಹಾಕ್ತಾರೇನ್ರಿ ಯಾರರ? ಖಾರ ಇಲ್ಲ, ಗೀರ ಇಲ್ಲ, ದಿನಾ ಪಾಯಸ ಉಂಡಂಗ ಆಗ್ತೈತಿ!"

ದಡದಲ್ಲಿ ಯಾರೋ ಕಿಸಕ್ಕೆಂದರು. ನಗಲಿ. "ನಿಮ್ಮೂರಿನ ಖಾರ ತಿಂದೇ ನಿನ್ನ ನಾಲಿಗೆ ಸುಟ್ಟೋಗಿದೆ! ಇನ್ನೇನಿದೆ?"

ಇತ್ತು. ಅವನ ಹತ್ತಿರ ಉಗ್ರಾಣದಷ್ಟಿತ್ತು. ಗಿರಣಿಯ ಬೆಲ್ಟ್ ಹರಿದಾಗ "ನಾ ಹೇಳಿರಲಿಲ್ವಾ" ಎಂದೆನಂತೆ, ಬೆಲ್ಟಿನ ಸುದ್ದಿಯನ್ನೇ ನಾನು ಎಂದೂ ಎತ್ತಿರಲಿಲ್ಲವಂತೆ. ಅವನು ತಂದ ಹಾಗಲಕಾಯಿಯನ್ನು ನೆರೆಯವರಿಗೆ ತೋರಿಸಿ ನಕ್ಕೆನಂತೆ. ಅವನಿಗೆ ನೆಗಡಿಯಾದದ್ದು ನನ್ನ ತಂಬಿಗೆಯಿಂದ, ಅದಕ್ಕೆ ಕಷಾಯ ಕೊಟ್ಟು ಊರಿಗೆಲ್ಲ ಹೇಳಿಕೊಂಡು ಬಂದವಳೂ ನಾನೇ ಅಂತೆ. "ಬಾಗಲಾ ಹಾಕ್ಕೊಂಡು ಮಲಗಿದ್ರ ಹೊರಗ ನಿಂತು ಕಿವಿ ಕೊಡ್ತೀರಿ, ಒಳಗ ಮಾತಾಡಾಕತ್ತಾರೋ ಇಲ್ಲೋ ಅಂತ!" ಎಂದಾಗ ಎರಡೂ ದಡ ಒಟ್ಟಿಗೆ ಹೋ ಎಂದವು. ಆಚೆ ನೀಲು ಮುಖ ಮುಚ್ಚಿಕೊಂಡಳು. ನನ್ನ ಕಿವಿ ಬಿಸಿಯಾಗಿ ಕುದಿಯುತ್ತಿತ್ತು, ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. ಆದರೂ ಅವನು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಎಲ್ಲಿ ಮುಗಿಸಿಬಿಡುತ್ತಾನೋ ಎಂದು ಜೀವ ಬಾಯಿಗೆ ಬರುತ್ತಿತ್ತು.

"ಇಷ್ಟೇನಾ? ಇಷ್ಟಕ್ಕೇ ಇಷ್ಟು ದಿನ ಮುಖ ಊದಿಸ್ಕೊಂಡಿದ್ಯಾ?" ಎಂದು ಗಂಟಲು ಹರಿಯುವಂತೆ ಕೂಗಿದೆ.

"ಇನ್ನೂ ಐತ್ರಿ! ಈ ಕೂಸು ಯಾರದ್ರಿ? ನನ್ನದೋ ನಿಮ್ಮದೋ? ನೀವ ಹೆಸರಿಟ್ರಿ, ನೀವ ಕರದ್ರಿ, ಅದರ ಪರವಾಗಿ ನೀವ ಓ ಅಂದ್ರಿ! ನಾ ಎತ್ಕೊಂಡ್ರ 'ಹಾಗಲ್ಲ ಹೀಗೆ' ಅಂತ ಕಸ್ಕೊಂಡ್ರಿ! ನನ್ನ ಮಗಳನ್ನ ಇವತ್ತ ಮದಲನೇ ಸಲ ಇಷ್ಟೊತ್ತು ನನ್ನ ಕೈಯಾಗ ಬಿಟ್ಟೀರಿ, ಅದೂ ಮೊಸಳಿ ನಡುವ!"

ಅವನು ಅಷ್ಟು ಹೇಳುವುದರೊಳಗೆ ಕೊಪ್ಪರಿಗೆ ಆಚೆ ದಡದ ಮೆಟ್ಟಿಲಿಗೆ ಠಣ್ಣೆಂದು ಬಡಿಯಿತು. ನೀಲು ಮಗುವನ್ನು ಬಾಚಿಕೊಂಡಳು. ನಾನು ಅಳುವೋ ಸಿಟ್ಟೋ ತಿಳಿಯದೆ ಚಿಕ್ಕತಾಯಮ್ಮನ ಸೆರಗಿನಿಂದಲೇ ಮೂಗು ಒರೆಸಿಕೊಂಡೆ.

ಮಗು ಊರಿನದಾಯಿತು, ನೀಲು ಎಲ್ಲಿಗೂ ಹೋಗಲಿಲ್ಲ. ನನ್ನ ಮಾನವೊಂದು ಹೊಳೆಪಾಲು. ಸಂತೆಯಲ್ಲಿ ಬೆಲ್ಲ ಕೊಳ್ಳಲು ನಿಂತರೆ "ಸಾರಿಗಾ ಸಾಕಮ್ಮ?" ಎನ್ನುತ್ತಾರೆ. ವಾಪಸು ಬರುವಾಗಲೂ ದಡದಿಂದ ದಡಕ್ಕೆ ನನ್ನನ್ನೇ ದೂರಿಕೊಂಡು ಮನೆಗೆ ಬಂದ ಸಂಗನಬಸು ತಲೆ ಒರೆಸಿಕೊಂಡು, ಏನೂ ಆಗದವನ ಹಾಗೆ ಉಣ್ಣಲು ಕೂತ. ಸಾರು ಬಡಿಸುತ್ತಾ ಕೇಳಿದೆ, ಖಾರ ಸಾಕಾ ಎಂದು. "ಹೌದ್ರಿ" ಎಂದ. ಆ ಪಾತ್ರೆಯನ್ನು ಅಲ್ಲೇ ಕುಕ್ಕಿ ಎದ್ದುಹೋದೆ.

ಅಲ್ಲಿಗೆ ಮುಗಿಯಿತೇ? ಇಲ್ಲ. ಗಿರಣಿಗೆ ಜೋಳ ತರಲು ಅವನೂ ಈಗ ಆಚೆ ದಡದ ಸಂತೆಗೆ ಹೋಗತೊಡಗಿದ. ನೀಲುವಿನ ಜೊತೆ ಹೋಗಬಹುದು, ಮಾವನ ಜೊತೆ ಹೋಗಬಹುದು. ಇಲ್ಲ. ಬಾಗಿಲಲ್ಲಿ ನಿಂತು, "ಅತ್ತಿ, ಬರ್ತೀರೇನ್ರಿ?" ಎನ್ನುತ್ತಾನೆ. ನನ್ನ ಮೇಲಿನ ದೂರು ಬಿಟ್ಟರೆ ಬೇರೆ ಯಾವ ಮಾತೂ ಅವನಿಗೆ ಹೊಳೆಯಲ್ಲಿ ಹೊರಡುವುದಿಲ್ಲವಲ್ಲ. ನಾನು ಮಾಡುತ್ತಿದ್ದ ಕೆಲಸ ಬಿಟ್ಟು, ಸೀರೆ ಕಚ್ಚೆ ಹಾಕಿ, ನೀರಿಗಿಳಿದು, ನನ್ನನ್ನೇ ಬೈಯುವುದನ್ನು ಕೇಳುತ್ತಾ, ತಿರುಗಿ ಬೈಯುತ್ತಾ ಈಜಬೇಕು. ಮಳೆಗಾಲ ಕಳೆಯಿತು, ಚಳಿ ಬಂತು, ಅವನ ದೂರು ಮುಗಿಯಲಿಲ್ಲ. ಇಷ್ಟು ಸಹಿಸಿಕೊಂಡು ಬೀಗದ ಹಾಗೆ ಹೇಗೆ ಕೂತಿದ್ದನೋ!

ಮೊನ್ನೆ ಮಾತ್ರ ನಡುಹೊಳೆಯಲ್ಲಿ ಅವನ ದನಿ ನಿಂತಿತು. ತಿರುಗಿ ನೋಡಿದರೆ ತುಟಿ ಕಚ್ಚಿಕೊಂಡು ಈಜುತ್ತಿದ್ದಾನೆ. ಮೊಂಡುಬಾಲದ್ದು ಆಗಲೇ ಅವನ ಮಗ್ಗುಲಿಗೆ ಬಂದಿತ್ತು.

"ಲೋ, ಏನಾಯ್ತೋ? ಬೈಯೋ ಏನಾದ್ರೂ!"

"ಮುಗದೈತ್ರಿ, ಅತ್ತಿ" ಎಂದ. "ಬೈಯಾಕ ಏನೂ ಉಳದಿಲ್ಲ."

"ಸಾರು ಬೈಯೋ!"

"ಸಾರು ರೂಢಿ ಆಗೈತ್ರಿ." ಸ್ವಲ್ಪ ನೀರು ನುಂಗಿ ಉಗುಳಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ, "ನಮ್ಮವ್ವ ಹೋದ ಮ್ಯಾಲ ನನಗ ಯಾರೂ ಬೈದಿರಲಿಲ್ರಿ. ಉಂಡಿಯೇನು ಅಂತ ಕೇಳಾವ್ರಿಲ್ಲ, ಯಾಕ ಉಣ್ಣಲಿಲ್ಲ ಅಂತ ಬೈಯಾವ್ರಿಲ್ಲ. ನೀವು ಬೈಯಾಕತ್ತ ಮ್ಯಾಲ ನನಗ ಮನಿ ಐತಿ ಅನಸ್ತೈತ್ರಿ."

ಹೊಗಳಿಕೆ! ನಡುಹೊಳೆಯಲ್ಲಿ! ಬಟ್ಟೆ ವ್ಯಾಪಾರಿಯ ಹೆಬ್ಬೆರಳು ಕಣ್ಮುಂದೆ ಬಂತು. ನಾನು ಅವನನ್ನು ನೋಡಲಿಲ್ಲ, ಮೊಸಳೆಯನ್ನು ನೋಡಿದೆ. ಅದು ಒಂದು ಗಳಿಗೆ ಅವನ ಪಕ್ಕದಲ್ಲೇ ತೇಲಿತು. ಆಮೇಲೆ ಆ ಮೊಂಡುಬಾಲವನ್ನು ಒಮ್ಮೆ ಆಡಿಸಿ, ತನಗೆ ಇಲ್ಲಿ ಕೆಲಸವಿಲ್ಲ ಎನ್ನುವ ಹಾಗೆ ಅವನಿಂದ ದೂರ ಹೋಯಿತು.

ಅವನು ಅಂದದ್ದು ನಿಜ. ಹುಟ್ಟಿದಾಗಿನಿಂದ ಈ ಹೊಳೆಯಲ್ಲಿ ಒಂದು ಉಸಿರಿನಷ್ಟು ಹೊತ್ತೂ ಮಾತು ನಿಲ್ಲಿಸದ ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಹಾಗೇ ಕೈ ಬೀಸುತ್ತಿದ್ದೆ.

"ಅತ್ತಿ!" ಸಂಗನಬಸು ಚೀರಿದ. "ಬಾಯಿ ಬಿಡ್ರಿ! ಮೊಸಳಿ ನಿಮ್ಮ ಕಡೆ ತಿರುಗೇತಿ! ಮಾತಾಡ್ರಿ, ಅತ್ತಿ!"

"ಮಾತಾಡ್ತೀನಿ ಕಣೋ, ಮಾತಾಡ್ತೀನಿ!" ಎಂದೆ, ಮುಖದ ಮೇಲೆ ಹೊಳೆಯ ನೀರೋ ಇನ್ನೇನೋ ಇಳಿಯುತ್ತಿರುವಾಗ. "ನಿನ್ನ ತಲೆಗಿಷ್ಟು! ಮನೇಲಿ ಕೂತು ಉಣ್ಣೋವಾಗ ಹೇಳೋದು ಬಿಟ್ಟು, ಇಷ್ಟು ಮೊಸಳೆ ಮಧ್ಯೆ ಹೇಳೋ ಮಾತೇನೋ ಇದು, ಮುಠ್ಠಾಳ?"